ರಸಮೇವು ಕೊಳೆತದ್ದಲ್ಲ, ನಾವು ಕೊಳೆಸಿದ್ದು!

ನಮ್ಮ ಹೂವಿನ ಹಿಪ್ಪರಗಿ ಕಡೆ "ರಸಮೇವು ಅಂದ್ರ ಕೊಳೆತ ಮೇವು" ಅನ್ನೋರನ್ನು ಕಂಡರೆ ಮೈ ಉರಿಯುತ್ತದೆ. ಕೊಳೆಸಿದವರು ಯಾರು ಸ್ವಾಮಿ? ನಾನೇ! ಎರೆ ಹೊಲದಲ್ಲಿ ಬರೀ ತೆಗ್ಗು ತೋಡಿ ಗೋವಿನಜೋಳ ಕತ್ತರಿಸಿ ತುಂಬಿದ್ದೆ. ನೆಲ ಬಿರುಕು ಬಿಟ್ಟು ಗಾಳಿ ಹೊಕ್ಕಿತು. 2023ರ ಬರದಲ್ಲಿ ತೆಗೆದು ನೋಡಿದರೆ ಅಂಚೆಲ್ಲ ಕಪ್ಪು, ಬೂಷ್ಟು. ಎಮ್ಮೆ ಮೂಸಿ ಮುಖ ತಿರುವಿತು. ಕಣಿಕೆ ಕೊಳ್ಳಲಾಗದೆ ಅದನ್ನೇ ಸಂತೆಗೆ ಹೊಡೆದೆ...

ಗಾಳಿ ಇಲ್ಲದಿದ್ದರೆ ಮಾತ್ರ ಮೇವಿನ ಸಕ್ಕರೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ; ಆ ಹುಳಿಯೇ ಮೇವನ್ನು ಕಾಯುವುದು. ತೆಗ್ಗಿನೊಳಗೂ ಪ್ಲಾಸ್ಟಿಕ್ ಹಾಳೆ ಹಾಸಿ, ಗಟ್ಟಿಯಾಗಿ ತುಳಿದು, 45 ದಿನ ಮುಚ್ಚಿಡಿ. ತೆರೆದ ಮೇಲೆ ಒಂದೇ ಕಡೆಯಿಂದ ದಿನಾ ತೆಗೆಯಿರಿ.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಭಜನೆ ಮಾಡುವವರೇ, ಮುಚ್ಚಿಡುವುದನ್ನೂ ಕಲಿಸಿ. ಮೇವನ್ನು ಬೈಯುವ ಮುಂಚೆ ತೆಗ್ಗು ನೋಡಿ. ಏನಂತೀರಿ ಗೆಳೆಯರೇ?