ಬಿಡುವಿನ ಮಾತು: ‘ಸ್ಟ್ಯಾಚ್ಯೂ’ ಅಂದ ಮೇಲೆ

ಮಕ್ಕಳೇ, ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನೀವೆಲ್ಲ ‘ಸ್ಟ್ಯಾಚ್ಯೂ’ ಆಟ ಆಡಿದವರೇ. ಎತ್ತಿದ ಕೈ ಎತ್ತಿದಂತೆ, ಬಾಯಲ್ಲಿನ ಕಡಲೆಮಿಠಾಯಿ ಬಾಯಲ್ಲೇ! ಈಗ ನಿಮ್ಮಲ್ಲಿ ಹಲವರು ಕಂಪ್ಯೂಟರ್ ಕೆಲಸದಲ್ಲಿದ್ದೀರಿ. ಅಲ್ಲೂ ಈ ಆಟವಿದೆ ಎಂದು ನನಗೆ ಹೇಳಿಕೊಟ್ಟವಳು ನನ್ನ ಸೊಸೆ.

2013ರಲ್ಲಿ ಹೊರಬಂದ ಡಾಕರ್ ಎಂಬ ತಂತ್ರಾಂಶ, ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಾನು ಸರಂಜಾಮಿನೊಡನೆ ‘ಕಂಟೇನರ್’ನಲ್ಲಿಟ್ಟು ಓಡಿಸುತ್ತದೆ. ಟರ್ಮಿನಲ್‌ನಲ್ಲಿ ‘ಡಾಕರ್ ಪಾಝ್’ ಎಂದು ಬರೆದು ಕಂಟೇನರಿನ ಹೆಸರು ಕೊಟ್ಟರೆ ಒಳಗಿನ ಪ್ರೋಸೆಸ್‌ಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ‘ಡಾಕರ್ ಅನ್‌ಪಾಝ್’ ಎಂದರೆ ನಿಂತಲ್ಲಿಂದಲೇ ಮುಂದುವರಿಯುತ್ತವೆ.

‘ಡಾಕರ್ ಸ್ಟಾಪ್’ ಹಾಗಲ್ಲ. ಅದು ಮೊದಲು, ಕೆಲಸ ಮುಗಿಸಿ ಹೊರಡು ಎಂದು ಸೂಚನೆ ಕೊಡುತ್ತದೆ. ಸಾಮಾನ್ಯವಾಗಿ 10 ಸೆಕೆಂಡಿನೊಳಗೆ ಹೊರಡದಿದ್ದರೆ ಬಲವಂತವಾಗಿ ಕೊನೆಗಾಣಿಸುತ್ತದೆ. ಪಾಝ್‌ನಲ್ಲಿ ಸೂಚನೆಯೇ ಇಲ್ಲ. ಲಿನಕ್ಸಿನ ‘ಫ್ರೀಜರ್’ ಎಂಬ ವ್ಯವಸ್ಥೆ ಆ ಪ್ರೋಸೆಸ್‌ಗಳಿಗೆ ಸಿಪಿಯುವಿನ ಸರದಿಯನ್ನೇ ಕೊಡುವುದಿಲ್ಲ. ಸ್ಟ್ಯಾಚ್ಯೂ ಆದ ಹುಡುಗನಿಗೆ ತಾನು ನಿಂತಿದ್ದೇನೆ ಎಂದಾದರೂ ಗೊತ್ತು. ಪ್ರೋಸೆಸ್‌ಗೆ ಅದೂ ತಿಳಿಯದು!

ಇದರಿಂದ ಉಪಯೋಗವುಂಟು. ಬೇರೊಂದು ಅವಸರದ ಕೆಲಸಕ್ಕೆ ಸಿಪಿಯು ಬೇಕಾದಾಗ ಇದನ್ನು ಸ್ವಲ್ಪ ಹೊತ್ತು ತಡೆಯಬಹುದು. ‘ಡಾಕರ್ ಕಮಿಟ್’ ಎಂದು ಕಂಟೇನರಿನ ಪ್ರತಿ ತೆಗೆಯುವಾಗಲೂ, ಬೇಡವೆಂದು ನೀವು ಹೇಳದಿದ್ದರೆ, ಡಾಕರ್ ತಾನಾಗಿಯೇ ಅದನ್ನು ಪಾಝ್ ಮಾಡುತ್ತದೆ. ಫೋಟೋ ತೆಗೆಯುವಾಗ ಅಲ್ಲಾಡಬೇಡಿ ಎನ್ನುತ್ತೇವಲ್ಲ, ಹಾಗೆ.

ಆದರೆ ಎರಡು ಮಾತು ಮರೆಯಬೇಡಿ. ಮೊದಲನೆಯದು, ತಡೆದು ನಿಲ್ಲಿಸಿದ್ದು ಕಾಪಿಟ್ಟಂತಲ್ಲ. ಸಿಪಿಯು ಬಿಡುವಾದರೂ ಮೆಮೊರಿ ಖಾಲಿಯಾಗುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಯಂತ್ರ ಆರಿದರೆ ಆ ಮೆಮೊರಿಯಲ್ಲಿದ್ದದ್ದೆಲ್ಲ ಹೋದಂತೆಯೇ.

ಎರಡನೆಯದು, ಒಳಗೆ ಕೆಲಸ ನಿಂತರೂ ಹೊರಗೆ ಗಡಿಯಾರ ನಿಲ್ಲುವುದಿಲ್ಲ. ಆ ಕಂಟೇನರಿನಿಂದ ಉತ್ತರ ಬರಬೇಕಾದವರು ಕಾಯುತ್ತಲೇ ಇರುತ್ತಾರೆ. ಕಾದು ಸಾಕಾಗಿ ಸಂಪರ್ಕ ಕಡಿದುಕೊಳ್ಳಲೂಬಹುದು. ಅನ್‌ಪಾಝ್ ಮಾಡಿದಾಗ ಪ್ರೋಗ್ರಾಂ ಏನೂ ಆಗದವರಂತೆ ಮಾತು ಮುಂದುವರಿಸುತ್ತದೆ, ಕೇಳುವವರು ಮಾತ್ರ ಎದ್ದು ಹೋಗಿರುತ್ತಾರೆ.

ಆದ್ದರಿಂದ ಸಂಜೆ ಆಫೀಸಿನಿಂದ ಹೊರಡುವ ಮೊದಲು ಒಮ್ಮೆ ‘ಡಾಕರ್ ಪಿಎಸ್’ ಎಂದು ಬರೆದು ನೋಡಿ. ನಿಂತಿರುವ ಕಂಟೇನರಿನ ಎದುರು ‘ಪಾಝ್ಡ್’ ಎಂದು ಕಾಣುತ್ತದೆ. ಅದರ ಆಚೆ ಬದಿಯಲ್ಲಿ ಯಾರೋ ಒಬ್ಬರು ಹಬ್ಬಕ್ಕೆ ಊರಿಗೆ ಹೋಗಲು ಟಿಕೆಟ್ ಬುಕ್ ಮಾಡುತ್ತ ಕಾಯುತ್ತಿರಬಹುದು.