ತಾನಾಗಿ ಆರಿಹೋಗುವ ಗಣಕಯಂತ್ರ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ತರುಣರು ಈಗ ಔರಾದ ಶಹಾಜನಿ, ನಿಲಂಗಾ, ಉದಗೀರಗಳಂತಹ ನಮ್ಮ ಊರುಗಳಲ್ಲಿಯೂ ಇದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅಂತಹ ಯಂತ್ರ ಕೆಲಸದ ನಡುವೆ ಹಠಾತ್ತನೆ ಆರಿಹೋಗತೊಡಗಿದರೆ ಮನೆಯವರು ಹುಡುಗನ ಜೋಡಣೆಯನ್ನು ಹಳಿಯುತ್ತಾರೆ. ಅಂಗಡಿಯವರು ಮದರ್‌ಬೋರ್ಡನ್ನೇ ಬದಲಿಸಿರೆನ್ನುತ್ತಾರೆ. ಸಾವಿರಾರು ರೂಪಾಯಿ ಸುರಿಯುವ ಮುನ್ನ ಕಾರಣವನ್ನು ಅರಸುವ ಕ್ರಮವೊಂದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ಯಂತ್ರ ಆರಿಹೋಗುವುದು ಯಾವಾಗಲೂ ಕೆಟ್ಟುದರ ಲಕ್ಷಣವಲ್ಲ. ಅನೇಕ ವೇಳೆ ಅದು ಆತ್ಮರಕ್ಷಣೆ. ಇಂದಿನ ಪ್ರೊಸೆಸರ್ ತನ್ನ ಉಷ್ಣತೆಯನ್ನು ತಾನೇ ಅಳೆಯುತ್ತಿರುತ್ತದೆ. ಅದು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಕಾವು ಇನ್ನೂ ಏರಿದರೆ, ಸುಟ್ಟುಹೋಗುವುದಕ್ಕಿಂತ ನಿಲ್ಲುವುದೇ ಲೇಸೆಂದು ಯಂತ್ರವನ್ನೇ ಆರಿಸಿಬಿಡುತ್ತದೆ.

ಆದುದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದುದು ತಿರುಪುಳಿಯಲ್ಲ, ಲೇಖನಿ. ಎಷ್ಟು ಹೊತ್ತಿಗೆ ಆರಿತು, ಆಗ ಯಾವ ಕೆಲಸ ನಡೆದಿತ್ತು, ಪೂರ್ತಿ ಆರಿತೋ ಅಥವಾ ತಾನೇ ಮರಳಿ ಹೊತ್ತಿಕೊಂಡಿತೋ ಎಂಬುದನ್ನು ನಾಲ್ಕು ದಿನ ಬರೆದಿಡಬೇಕು. ಹೊತ್ತಿಸಿದ ನಾಲ್ಕೈದು ಸೆಕೆಂಡಿನಲ್ಲಿಯೇ ಪ್ರತಿ ಬಾರಿಯೂ ಆರಿದರೆ ಗುಂಡಿ ಒಳಗೆ ಸಿಕ್ಕಿಕೊಂಡಿರಬಹುದು. ಗುಂಡಿಯನ್ನು ಸುಮಾರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಆರುವುದು ಅದರ ನಿಯಮವೇ ಆಗಿದೆ. ಇಲ್ಲವೆ ಪ್ರೊಸೆಸರಿನ ತಂಪುಕಾರಕ ಸರಿಯಾಗಿ ಕೂತಿರಲಿಕ್ಕಿಲ್ಲ. ಅಥವಾ ಮದರ್‌ಬೋರ್ಡಿನ ಅಡಿಯಲ್ಲಿ ಲೋಹದ ತುಣುಕೊಂದು ತಾಗುತ್ತಿರಬಹುದು. ಹತ್ತಿಪ್ಪತ್ತು ನಿಮಿಷದ ಬಳಿಕ, ಅದರಲ್ಲಿಯೂ ಭಾರವಾದ ಕೆಲಸದಲ್ಲಿ ಆರಿದರೆ ಕಾವಿನ ಸಂಶಯ. ಹೊತ್ತುಗೊತ್ತಿಲ್ಲದೆ, ನೆರೆಯಲ್ಲಿ ನೀರಿನ ಮೋಟಾರು ಹತ್ತಿದಾಗಲೆಲ್ಲ ಆರಿದರೆ ವಿದ್ಯುತ್ತಿನ ಸಂಶಯ. ನೀಲಿ ಪರದೆ ತೋರಿಸಿ ಮರಳಿ ಹೊತ್ತಿಕೊಂಡರೆ ಮೆಮರಿಯ ಪಟ್ಟಿಯನ್ನೂ ಪರೀಕ್ಷಿಸಬೇಕು.

ನಮ್ಮ ಮರಾಠವಾಡದ ಹವೆಯಲ್ಲಿ ಕಾವನ್ನೇ ಮೊದಲು ನೋಡುವುದು ಯುಕ್ತ. ಫ್ಯಾನು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪುಮಾಡಲಾರದು. ಕೋಣೆ 25 ಡಿಗ್ರಿ ಇರುವ ಪುಷ್ಯಮಾಸದಲ್ಲಿ 75 ಡಿಗ್ರಿ ಇದ್ದ ಪ್ರೊಸೆಸರು, ಕೋಣೆ 40 ಡಿಗ್ರಿಗೇರುವ ವೈಶಾಖದಲ್ಲಿ ಅದೇ ಕೆಲಸಕ್ಕೆ 90ರ ಸಮೀಪಕ್ಕೆ ಬರುತ್ತದೆ. ಮೇಲಾಗಿ ಧೂಳು! ಚಳಿಗಾಲದಲ್ಲಿ ಸುಸೂತ್ರವಾಗಿ ನಡೆದುದು ಬೇಸಿಗೆಯಲ್ಲಿ ಮುಷ್ಕರ ಹೂಡಿದರೆ ಅಚ್ಚರಿಯೇನು? ಯಂತ್ರ ಹೊತ್ತಿಕೊಳ್ಳುವಾಗಲೇ ತೆರೆಯುವ ಬಯೋಸ್ ಪುಟದಲ್ಲಿ ಪ್ರೊಸೆಸರಿನ ಉಷ್ಣತೆಯನ್ನು ಓದಬಹುದು. ಯಾವ ಕೆಲಸವೂ ಇಲ್ಲದೆ ಅಂಕೆ ಏರುತ್ತಲೇ ಹೋದರೆ ತಂಪುಕಾರಕದಲ್ಲಿ ದೋಷವಿದೆ ಎಂದೇ ತಿಳಿಯಬೇಕು.

ವಿದ್ಯುತ್ತಿನ ಸಂಶಯವಿದ್ದರೆ ಯುಪಿಎಸ್ಸನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ನೋಡಬೇಕು. 600 ವಿಎ ಎಂದು ಬರೆದಿರುವ ಅನೇಕ ಯುಪಿಎಸ್‌ಗಳು ಹೊರುವುದು ಕೇವಲ 360 ವಾಟ್ ಭಾರವನ್ನು. ಅರ್ಥಿಂಗ್ ಇಲ್ಲದ ಸಾಕೆಟ್ಟನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಬೇಕು. ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. 230 ವೋಲ್ಟಿನ ಪ್ರವಾಹ ಅದರೊಳಗೆ 300ಕ್ಕೂ ಮೀರಿದ ವೋಲ್ಟಾಗಿ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿದಿರುತ್ತದೆ. ಸಂಶಯವಿದ್ದರೆ ಇನ್ನೊಬ್ಬರ ಪೆಟ್ಟಿಗೆಯನ್ನು ಎರವಲು ತಂದು ಪರೀಕ್ಷಿಸುವುದೇ ಕ್ಷೇಮ.

ಎಲ್ಲಕ್ಕೂ ಮುಖ್ಯವಾದ ನಿಯಮವೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಕೂಡಿಯೇ ಬದಲಿಸಿದರೆ ಯಂತ್ರ ನೆಟ್ಟಗಾದರೂ ರೋಗ ಯಾವುದಿತ್ತೆಂಬುದು ತಿಳಿಯುವುದಿಲ್ಲ. ಏಳನೆಯ ತರಗತಿಯ ವಿಜ್ಞಾನದ ಪ್ರಯೋಗಕ್ಕೂ ಇದೇ ನಿಯಮ.

ನಮ್ಮ ಕಡೆಯ ತರುಣನೊಬ್ಬ ತನ್ನ ಅಜ್ಜಿಯ ಬೀಸುವ ಕಲ್ಲಿನ ಪದಗಳನ್ನು ಕೇಳಿ ಕೇಳಿ ಕನ್ನಡದಲ್ಲಿ ಬೆರಳಚ್ಚು ಮಾಡುತ್ತಿದ್ದ. ಮನೆಮಂದಿಯಲ್ಲಿ ಆ ಪದಗಳನ್ನು ಬಲ್ಲವಳು ಅವಳೊಬ್ಬಳೇ. ಮಧ್ಯಾಹ್ನದ ಹೊತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಯಂತ್ರ ಆರಿ, ಬರೆದುದು ಅಳಿಯುತ್ತಿತ್ತು. ಎರಡನೆಯ ಸಲ ಹೇಳುವಾಗ ಮುದುಕಿಗೆ ನಡುವಿನ ನುಡಿಗಳು ನೆನಪಾಗುತ್ತಿರಲಿಲ್ಲ. ಹೊಸ ಮದರ್‌ಬೋರ್ಡಿಗೆ ಹಣ ಹೊಂದಿಸುವ ಯೋಚನೆಯೂ ನಡೆದಿತ್ತು. ವೇಳೆಯನ್ನು ಬರೆದಿಟ್ಟು, ಬಯೋಸ್ ಪುಟ ನೋಡಿ, ಪೆಟ್ಟಿಗೆ ತೆರೆದಾಗ ತಂಪುಕಾರಕದ ನಾಲ್ಕು ಕಾಲುಗಳಲ್ಲಿ ಒಂದು ಮೇಲೆದ್ದಿತ್ತು. ಒಣಗಿದ ಹಳೆಯ ಲೇಪವನ್ನು ಒರೆಸಿ, ತೊಗರಿಕಾಳಿನಷ್ಟು ಹೊಸ ಲೇಪವನ್ನಿಟ್ಟು, ನಾಲ್ಕೂ ಕಾಲುಗಳನ್ನು ಒತ್ತಿ ಕೂಡಿಸಿದನು. ಖರ್ಚಾದುದು ಲೇಪದ ಬೆಲೆ ಮಾತ್ರ.

ಯಂತ್ರ ನೆಟ್ಟಗಾಗುವವರೆಗೆ ಕಾಯದೆ ಇಂದೇ ಮಾಡಬೇಕಾದ ಕೆಲಸವೂ ಒಂದಿದೆ. ಪ್ರತಿ ಪುಟದ ಕೊನೆಯಲ್ಲಿ ಬರೆದುದನ್ನು ಉಳಿಸಿರಿ. ಸಂಜೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿಯನ್ನಿಡಿರಿ. ಬಿಡಿಭಾಗ ಪೇಟೆಯಲ್ಲಿ ಮತ್ತೆ ಸಿಕ್ಕೀತು. ಅಜ್ಜಿಯ ನುಡಿ ಯಾವ ಪೇಟೆಯಲ್ಲಿಯೂ ಸಿಗದು.