ಡ್ರಮ್ ಉರುಳಿಸಾಕ ಮೋಟರ್ ಬೇಕೇ ಬೇಕಾ? (ಶೀಟ್ ಫಿಲ್ಮ್ ಸರಣಿ, ಭಾಗ 7)

ಹೋದ ಪೋಸ್ಟ್ ನೋಡಿದ ಭಾಳ ಮಂದಿ ಕೇಳಿದ್ದು ಒಂದೇ ಪ್ರಶ್ನೆ: 4×5 ಇಂಚಿನ ಫಿಲ್ಮ್ ಡೆವಲಪ್ ಮಾಡಾಕ ಜೋಬೋ ಮಷೀನ್ ಬೇಕಲ್ಲ, ಗೋಕಾಕದಾಗ ಅದನ್ನ ಎಲ್ಲಿಂದ ತರೋದು? ನನ್ನ ಅಭಿಪ್ರಾಯ ಕೇಳಿದ್ರ, ತರೋದೇ ಬ್ಯಾಡ. ಡ್ರಮ್ ಒಂದಿದ್ರ ಕೈ ಸಾಕು. ಮಷೀನ್ ಇಲ್ಲ ಅನ್ನೋ ಒಂದೇ ಕಾರಣಕ್ಕ ದೊಡ್ಡ ಕ್ಯಾಮೆರಾ ಕೈಬಿಟ್ಟವರನ್ನ ನೋಡೀನಿ. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಫಿಲ್ಮ್ ರೋಲ್ ಅಲ್ಲ, ಬಿಡಿ ಹಾಳೆ. ಪೂರ್ತಿ ಕತ್ತಲಲ್ಲಿ ಅದನ್ನು ಡ್ರಮ್ಮಿನ ಒಳಗೋಡೆಗೆ ಹೊಂದಿಸಿ, ಎಮಲ್ಷನ್ ಇರೋ ಮೈ ಒಳಗಡೆ ಬರುವಂತೆ ಇಟ್ಟು ಮುಚ್ಚಿದರೆ ಮುಂದಿನದೆಲ್ಲ ಬೆಳಕಿನಾಗ. ಡ್ರಮ್ ಅಡ್ಡ ಮಲಗಿಸಿ ಉರುಳಿಸಿದಾಗ ತಳದಾಗಿರೋ ಡೆವಲಪರ್ ಫಿಲ್ಮ್ ಮೇಲೆ ಹಾಯ್ದು ಹೋಗುತ್ತದೆ. ಬೆಳಕು ಜಾಸ್ತಿ ಬಿದ್ದ ಜಾಗದಾಗ ಡೆವಲಪರ್ ಬೇಗ ಸೊರಗತೈತಿ, ಅಲ್ಲೇ ಬ್ರೋಮೈಡ್ ಬಿಡುಗಡೆಯಾಗಿ ಮುಂದಿನ ಕೆಲಸ ತಡಿತೈತಿ. ಹಳೇದನ್ನ ಸರಿಸಿ ಹೊಸದನ್ನ ಮುಟ್ಟಿಸಬೇಕು, ಅಷ್ಟ. ಮೂಡಲಗಿ ಕಡೆ ಬೆಲ್ಲದ ಗಾಣದಾಗ ಕಡಾಯಿ ಮುಂದ ನಿಂತವರಿಗೆ ಇದನ್ನ ಬಿಡಿಸಿ ಹೇಳೋದೇ ಬ್ಯಾಡ.

ತೊಂದರೆ ಶುರುವಾಗೋದು "ಜೋರಾಗಿ ತಿರುಗಿಸ್ರಿ" ಅನ್ನೋ ರೀಲ್ಸ್‌ಗಳಿಂದ. ಒಂದೇ ದಿಕ್ಕಿಗೆ ತಿರುಗಿಸ್ಕೋತ ಹೋದ್ರ ದ್ರಾವಣ ಒಂದೇ ದಾರಿ ಹಿಡೀತೈತಿ, ಆ ದಾರಿ ನೆಗೆಟಿವ್ ಮೇಲೆ ಪಟ್ಟಿಯಾಗಿ ಉಳೀತೈತಿ. ವೇಗ ಹೆಚ್ಚಿಸಿದಷ್ಟೂ ಶೀಟ್ ಸಿಕ್ಕಿಸೋ ಅಂಚಿನ ಹತ್ತಿರ ಸುಳಿ ಎದ್ದು ಅಂಚು ಮಾತ್ರ ಗಾಢ ಆಗತೈತಿ. ಮಜ್ಜಿಗಿ ಕಡಿಯುವಾಗ ಅವ್ವನ ಕೈ ನೋಡ್ರಿ. ಹಗ್ಗ ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕಡಗೋಲು ಒಂದೇ ಕಡೆ ಸುತ್ತಂಗಿಲ್ಲ. ಜರ್ಮನಿಯ ಜೋಬೋದ ಮೋಟರೂ ಹಂಗ, ಸ್ವಲ್ಪ ಸುತ್ತಿ ತಾನಾಗಿಯೇ ಹಿಂದಕ್ಕೆ ತಿರುಗತೈತಿ. ಆ ಮಷೀನಿಗೆ ಕೊಡೋ ರೊಕ್ಕದಾಗ ಈ ಹಿಂದು-ಮುಂದಿನ ಲಯ, ನೀರಿನ ಉಷ್ಣತೆ ಕಾಯೋದು, ಇವೆರಡೇ ಮುಖ್ಯ. ಮೊದಲನೇದು ಕೈಯಿಂದ ಪುಕ್ಕಟೆ.

ಮೇಜಿನ ಮೇಲೆ ಟವೆಲ್ ಹಾಸಿ ಒಂದೂವರೆ ಸುತ್ತು ಮುಂದ, ಒಂದೂವರೆ ಸುತ್ತು ಹಿಂದ. ಒಂದು ಸುತ್ತಿಗಿಂತ ಕಡಿಮೆ ಆದ್ರ ಹಾಳೆಯ ಒಂದು ಭಾಗಕ್ಕ ದ್ರಾವಣ ಮುಟ್ಟೋದೇ ಇಲ್ಲ. ನಿಮಿಷಕ್ಕೊಮ್ಮೆ ಡ್ರಮ್ ಎತ್ತಿ ಎಡದ ತುದಿ ಬಲಕ್ಕ ಮಾಡ್ರಿ. ಮೇಜು ಸ್ವಲ್ಪ ವಾಲಿದ್ರೂ ದ್ರಾವಣ ಒಂದೇ ಕಡೆ ಸೇರಿ ಆ ಬದಿ ಕಪ್ಪಾಗತೈತಿ, ಅದಕ್ಕ ಈ ಉಪಾಯ. (ಮೊಬೈಲ್‌ನ್ಯಾಗ ಮಟ್ಟ ತೋರಿಸೋ ಆಪ್ ಐತಿ, ಒಮ್ಮೆ ಆದ್ರೂ ತೆಗೀರಿ!) ಎಲ್ಲಕ್ಕಿಂತ ಮುಖ್ಯ ಮೊದಲ ಅರ್ಧ ನಿಮಿಷ. ಡೆವಲಪರ್ ಸುರಿದು ಫೋನ್ ನೋಡಿದ್ರ ಕೆಲಸ ಕೆಟ್ಟಂಗ.

ಇದು ಎದ್ದು ಕಾಣೋದು ಆಕಾಶದಾಗ. ಮೂರನೇ ಫೋಟೊ, ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟ. ಕಲ್ಲಿನ ಭಾಗದಾಗ ಸಣ್ಣ ಪಟ್ಟಿ ಇದ್ರೂ ಯಾರಿಗೂ ಗೊತ್ತಾಗಂಗಿಲ್ಲ. ಮೇಲಿನ ಖಾಲಿ ಆಕಾಶ ಮಾತ್ರ ಏನನ್ನೂ ಮುಚ್ಚಿಡಂಗಿಲ್ಲ. ನಿಮ್ಮ ಕೈ ಪರೀಕ್ಷೆ ಮಾಡಬೇಕಂದ್ರ ಅರ್ಧ ಫ್ರೇಮ್ ಆಕಾಶ ಇರೋ ಚಿತ್ರನ ತೆಗೀರಿ.

ಇನ್ನು ಟೈಮ್. ಟ್ಯಾಂಕಿನಾಗ ನಿಮಿಷಕ್ಕ ಹತ್ತು ಸೆಕೆಂಡು ಅಲುಗಿಸಿ ಬಿಡತೀವಿ, ಡ್ರಮ್ಮಿನಾಗ ಬಿಡುವೇ ಇಲ್ಲ. ಹಂಗಾಗಿ ಡೆವಲಪ್ ಜಾಸ್ತಿ ಆಗತೈತಿ. ನಿರಂತರ ಅಲುಗಾಟಕ್ಕ ಟೈಮ್ ಶೇ. 15ರವರೆಗೆ ಕಡಿಮೆ ಮಾಡ್ರಿ ಅನ್ನೋದು ಇಲ್ಫರ್ಡ್ ಕಂಪನಿ ಮಾತು. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 1+1ರಲ್ಲಿ 20 ಡಿಗ್ರಿಗೆ 13 ನಿಮಿಷ ಇದ್ದದ್ದು ಸುಮಾರು 11 ಆಗತೈತಿ. ಜೋಬೋದವರು ಮಾತ್ರ ಮೊದಲು 5 ನಿಮಿಷ ಬರೀ ನೀರಿನಾಗ ತಿರುಗಿಸಿ, ಆಮೇಲೆ ಪೂರ್ತಿ ಟೈಮ್ ಕೊಡ್ರಿ ಅಂತಾರ. ಒಂದನ್ನ ಆರಿಸ್ಕೋರಿ. ಎರಡೂ ಒಟ್ಟಿಗೆ ಮಾಡಿದ್ರ ನೆಗೆಟಿವ್ ತೆಳ್ಳಗ ಬರತೈತಿ.

ನನ್ನ ಓಟು ನೀರಿಗೆ, ಯಾಕಂದ್ರ ನಮ್ಮ ಬಿಸಿಲು. ಡ್ರಮ್ಮಿನಾಗ ಇರೋದು ಸ್ವಲ್ಪೇ ದ್ರಾವಣ, ಏಪ್ರಿಲ್‌ನ್ಯಾಗ ಅದು ಮೂರು ನಿಮಿಷಕ್ಕ ಕಾದು ಕೂಡತೈತಿ. 20 ಡಿಗ್ರಿಗೆ ತಂದ ನೀರು ಮೊದಲು ಹಾಕಿದ್ರ ಡ್ರಮ್ಮೂ ತಣ್ಣಗಾಗತೈತಿ. ಹರವಿ ನೀರಿಗೆ ನಾಲ್ಕು ಐಸ್ ತುಂಡು ಹಾಕಿ ಥರ್ಮಾಮೀಟರ್ ನೋಡ್ಕೋರಿ.

ಗೋಕಾಕ ಫಾಲ್ಸ್ ತೆಗೆಯೋರಿಗೆ ಇನ್ನೊಂದು ಮಾತು. 52 ಮೀಟರ್ ಎತ್ತರದಿಂದ ಬೀಳೋ ನೊರೆ ಬಿಸಿಲಿನಾಗ ಬೆಳ್ಳಗ, ಪಕ್ಕದ ಬಂಡೆ ಕರ್ರಗ. ನಿಲ್ಲದ ಅಲುಗಾಟ ನೊರೆಯನ್ನ ಇನ್ನೂ ಗಾಢ ಮಾಡತೈತಿ, ಪ್ರಿಂಟಿನಾಗ ಅದು ಬರೀ ಬಿಳಿ ಕಾಗದ. ಅಂಥ ಹಾಳೆಗೆ ಟೈಮ್ ಇನ್ನಷ್ಟು ಕಡಿಮೆ ಮಾಡ್ರಿ, ಬಂಡೆಗೆ ಬೇಕಾದ ಬೆಳಕನ್ನ ತೆಗೆಯುವಾಗಲೇ ಕೊಡ್ರಿ.

ಬಿಕಾಂ ಬುದ್ಧಿ ಬಿಡಂಗಿಲ್ಲ, ಲೆಕ್ಕನೂ ಹೇಳ್ತೀನಿ. ನಾಲ್ಕು 4×5 ಹಾಳೆ ಅಂದ್ರ ಒಂದು 8×10, ಅಂದ್ರ ಹೆಚ್ಚುಕಮ್ಮಿ 36 ಫೋಟೊದ ಒಂದು ರೋಲಿನಷ್ಟೇ ವಿಸ್ತೀರ್ಣ. ಎರಡು ಹಾಳೆಗೆ 1+1 ಡೆವಲಪರ್ 250 ಎಂಎಲ್ ಸಾಕು. ಉಳಿತಾಯ ಅಂತ ಅದಕ್ಕಿಂತ ಇಳಿಸಬ್ಯಾಡ್ರಿ. ಹಾಳೆಯ ರೇಟ್ ಮುಂದ ಡೆವಲಪರ್ ಏನೂ ಅಲ್ಲ.

ಫಿಕ್ಸರ್ ಆದ ಮೇಲೆ ಹಾಳೆಯ ಹಿಂಬದಿ ಗುಲಾಬಿ ಕಲೆ ಕಂಡ್ರ ಹೆದರಬ್ಯಾಡ್ರಿ, ಗೋಡೆಗೆ ಅಂಟಿದ ಕಡೆ ಬಣ್ಣ ಬಿಟ್ಟಿರಂಗಿಲ್ಲ. ತಟ್ಟೆಯೊಳಗ ಹಾಕಿ ಇನ್ನೊಮ್ಮೆ ತೊಳೀರಿ. ಮುಂದಿನ ಭಾಗದಾಗ ಒಣಗಿಸೋದು. ಡ್ರಮ್ ಉರುಳಿಸಿ ನೋಡಬೇಕನ್ನೋ ಕ್ಲಾಸ್‌ಮೇಟ್‌ಗಳು ಕಾಮೆಂಟ್ ಹಾಕ್ರಿ, ರವಿವಾರ ಬರ್ರಿ, ಟವೆಲ್ ನಿಮ್ಮದು.

#ಗೋಕಾಕ #ಮೂಡಲಗಿ #ಹುಕ್ಕೇರಿ #ಶೀಟ್‌ಫಿಲ್ಮ್